ಉಳಿದ ಎಂಟು ಬೋಲ್ಟುಗಳು

ಬೊನಿಫಾಸ್ ಲೇತಿಗೆ ಶಾಫ್ಟು ಕಟ್ಟಿ ಸ್ವಿಚ್ಚು ಹಾಕಿದ ಮೇಲೂ ಟೂಲು ತಾಗಿಸದೆ ಸುಮ್ಮನೆ ನಿಂತಿದ್ದ. ಶನಿವಾರ. ಹನ್ನೊಂದು ಗಂಟೆಗೆ ಮೂಡಬಿದ್ರೆಗೆ ಹೊರಡಬೇಕಾದ ಬಸ್ಸಿನ ವಾಟರ್ ಪಂಪಿನ ಶಾಫ್ಟು ಅದು. ಅವನ ಕೈಗೆ ಅರ್ಧ ಗಂಟೆಯ ಕೆಲಸ. ಇಪ್ಪತ್ತೇಳು ವರ್ಷದಿಂದ ನಂತೂರಿನ ಈ ವರ್ಕ್‌ಶಾಪಿನಲ್ಲಿ, ಗುಣವತಿ ಮೋಟಾರ್ಸಿನ ಒಂದೊಂದು ಬಸ್ಸಿನ ಹೊಟ್ಟೆಯೊಳಗೂ ಅವನ ಕೈಯಿಂದ ಹೋದ ಕಬ್ಬಿಣ ತಿರುಗುತ್ತಿತ್ತು, ಅದರ ಬಗ್ಗೆ ಅವನಿಗೆ ಎಂದೂ ಯೋಚನೆ ಬಂದದ್ದಿರಲಿಲ್ಲ. ಈಗ ಒಂದು ವರ್ಷದಿಂದ ಬರುತ್ತದೆ. ಶಾಫ್ಟು ಮುಗಿದ ಮೇಲೆ ಅದನ್ನು ದಾರಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿ ಕೊಡುತ್ತಾನೆ. ಇನ್ನೊಮ್ಮೆ ತಟ್ಟುತ್ತಾನೆ. ಬೊನಿಫಾಸರು ಕಬ್ಬಿಣದ ಡಾಕ್ಟರು, ನಾಡಿ ನೋಡುತ್ತಾರೆ ಎಂದು ಫಿಟ್ಟರುಗಳು ತಮಾಷೆ ಮಾಡುತ್ತಾರೆ. ಅವನೂ ಹಲ್ಲು ತೋರಿಸುತ್ತಾನೆ. ಹೆದರಿಕೆಯಾಗುತ್ತದೆ ಎಂದು ಐವತ್ತೆರಡು ವರ್ಷದ ಟರ್ನರ್ ಯಾರೆದುರು ಹೇಳುವುದು?

ಧನಿಗಳು ಕರೆಯುತ್ತಾರೆ ಎಂದು ಆಫೀಸಿನ ಗುಮಾಸ್ತ ಬಾಗಿಲಿನಿಂದಲೇ ಕೂಗಿದ. ಬೊನಿಫಾಸ್ ಲೇತು ನಿಲ್ಲಿಸಿ, ಕೈ ಒರೆಸಿಕೊಂಡು ಹೋದ. ಬಸ್ಸುಗಳ ಮಾಲಕರಾದ ಅಣ್ಣು ಆಳ್ವರು ಮೇಜಿನ ಮೇಲೆ ದೊಡ್ಡದೊಂದು ನಕ್ಷೆ ಹರವಿಕೊಂಡು ಕುಳಿತಿದ್ದರು. ಅದರ ನಾಲ್ಕು ಮೂಲೆಗೆ ಮಸಿಕುಪ್ಪಿ, ಪಂಚಾಂಗ, ವೀಳ್ಯದ ಡಬ್ಬಿ, ಟೆಲಿಫೋನು ಇಟ್ಟಿದ್ದರು. ಅವರ ತಲೆಯ ಮೇಲೆ ಗೋಡೆಯ ಪಟದಲ್ಲಿ ಅವರ ಮಗ ಚಿತ್ತರಂಜನ, ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು, ಫೋಟೋ ತೆಗೆಯುವವನನ್ನು ಬೇಗ ಮುಗಿಸು ಎನ್ನುವ ಹಾಗೆ ನೋಡುತ್ತಿದ್ದ.

"ಕೂತುಕೊಳ್ಳಿ ಪೊರ್ಬುಗಳೇ," ಎಂದರು ಆಳ್ವರು, ಕ್ರಿಸ್ತುವರನ್ನು ಊರಿನವರು ಕರೆಯುವ ಹಾಗೆ.

ಇಪ್ಪತ್ತಾರು ವರ್ಷ ಬೊನಿಫಾಸ್ ಈ ಕೋಣೆಯಲ್ಲಿ ನಿಂತೇ ಮಾತಾಡಿದ್ದ. ಹೋದ ವರ್ಷ ಮಗ ಕಾರಿನ ರೇಸಿನಲ್ಲಿ ತೀರಿಕೊಂಡ ಮೇಲೆ ಆಳ್ವರು ಕೂರಿಸತೊಡಗಿದರು, ಆ ಕಾರಿಗೆ ಕೈ ಹಚ್ಚಿದವನೆಂಬ ಮರ್ಯಾದೆಗೆ. ಆ ಬೆತ್ತದ ಕುರ್ಚಿಯಲ್ಲಿ ಕೂರುವಷ್ಟು ಹೊತ್ತೂ ಅವನಿಗೆ ಮೈಯೆಲ್ಲ ತುರಿಸುತ್ತದೆ.

"ಮದ್ರಾಸಿನಿಂದ ಕಾಗದ ಉಂಟು. ಮೋಹನದಾಸನದ್ದು. ಚಿತ್ತುವಿನ ದೋಸ್ತಿ, ಅಲ್ಲಿ ಹೋಟೆಲಿನವನು, ನಿಮಗೆ ಗೊತ್ತುಂಟಲ್ಲ."

"ಗೊತ್ತುಂಟು ಧನಿ."

"ನಾಳೆ ರೇಸು. ಚಿತ್ತುವಿನ ನಂಬರಿನಲ್ಲೇ ಓಡ್ತೇನೆ ಅಂತ ಬರೆದಿದ್ದಾನೆ, ಹನ್ನೊಂದು. ಕ್ಲಬ್ಬಿನವರು ಒಪ್ಪಿದ್ದಾರಂತೆ." ಆಳ್ವರು ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದರು. "ಮತ್ತೆ ಇದು ಕೇಳಿ. ವಿಲಾಯತಿಯಿಂದ ಎಂಜಿನಿನ ಬೋಲ್ಟು ತರಿಸ್ಲಿಕ್ಕೆ ಹದಿನಾಲ್ಕು ತಿಂಗಳಿಂದ ಲೈಸನ್ಸಿಗೆ ಬರೆದು ಬರೆದು ಸಾಕಾಯ್ತಂತೆ. ಕಡೆಗೆ ಚಿತ್ತು ಇವನಿಗೆ ಕೊಟ್ಟಿಟ್ಟಿದ್ದ ಸೆಟ್ಟನ್ನೇ ಹಾಕಿದ್ದಾನೆ. ನೀವು ಮಾಡಿದ್ದು. ಎಂಟು ಬೋಲ್ಟು."

ಬೊನಿಫಾಸ್ ಕೈಯ ಎಣ್ಣೆಯನ್ನು ಪುನಃ ಅಂಗಿಗೆ ಒರೆಸಿಕೊಂಡ.

"ಅವನ ಹತ್ತಿರ ಉಂಟು ಅಂತ ನನಗೂ ಗೊತ್ತಿರಲಿಲ್ಲ. ನಿಮ್ಮ ಕೈಕೆಲಸ ನಾಳೆ ಪುನಃ ಓಡ್ತದೆ ಪೊರ್ಬು," ಎಂದು ಆಳ್ವರು ನಕ್ಕರು. ವರ್ಷದಿಂದೀಚೆಗೆ ಅವರು ನಕ್ಕದ್ದನ್ನು ಬೊನಿಫಾಸ್ ನೋಡಿರಲಿಲ್ಲ. ನಕ್ಕಾಗ ಮಗನ ಹಾಗೆಯೇ ಎಡಗಣ್ಣು ಸಣ್ಣದಾಗುತ್ತದೆ. ಆಮೇಲೆ ಅವರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಇದು ರೇಸು ನಡೆಯುವ, ಮಹಾಯುದ್ಧದ ಕಾಲದ ಹಳೆಯ ರನ್‌ವೇ, ಇದು ಚಿತ್ತು ಹೋದ ತಿರುವು. ಇಲ್ಲಿ ಹುಲ್ಲಿನ ಕಟ್ಟುಗಳನ್ನು ಜೋಡಿಸಿಟ್ಟಿದ್ದರು, ಹಿಂದೆಯೇ ಸಿಮೆಂಟಿನ ಕಂಬ. ಈಗ ಹುಲ್ಲು ಇಲ್ಲ, ಕಂಬ ಇಲ್ಲ, ಮೂವತ್ತು ಅಡಿ ಆಚೆಗೆ ಮಣ್ಣಿನ ದಿಣ್ಣೆ. ದಿಣ್ಣೆಗೆ ಮಗನ ಹೆಸರು. ಅಪಘಾತವಾದ ಮೇಲೆ ಕ್ಲಬ್ಬಿನ ಸಮಿತಿ ಕೂತು ಇಪ್ಪತ್ತಮೂರು ಹೊಸ ನಿಯಮ ಮಾಡಿತು: ಸೊಂಟದ ಪಟ್ಟಿ, ತಲೆಯ ಹಿಂದೆ ಕಬ್ಬಿಣದ ಕಮಾನು, ಪೆಟ್ರೋಲಿನ ಟ್ಯಾಂಕಿಗೆ ಗೋಡೆ, ಬೆಂಕಿ ಆರಿಸುವವರು ಇಷ್ಟಿಷ್ಟು ದೂರಕ್ಕೆ ಒಬ್ಬೊಬ್ಬರು. ಆಳ್ವರು ಆ ನಿಯಮಗಳ ಪುಸ್ತಕವನ್ನು ಬೊನಿಫಾಸನಿಗೆ ಪೂರ್ತಿ ಓದಿ ಹೇಳಿದ್ದರು, ಒಂದು ಮಧ್ಯಾಹ್ನವಿಡೀ. ಇಪ್ಪತ್ತಮೂರರಲ್ಲಿ ಒಂದರಲ್ಲೂ ಬೋಲ್ಟಿನ ಮಾತು ಬಂದಿರಲಿಲ್ಲ. ಬರುತ್ತದೆ, ಮುಂದಿನದರಲ್ಲಿ ಬರುತ್ತದೆ ಎಂದು ಅವನು ಕುರ್ಚಿಯ ಅಂಚಿನಲ್ಲಿ ಬೆವರುತ್ತ ಕೂತಿದ್ದ. ಬಾರದೆ ಪುಸ್ತಕ ಮುಗಿದಾಗ ಹಗುರಾಗಿತ್ತು, ಹಗುರಾದದ್ದಕ್ಕೆ ತನ್ನ ಮೇಲೆ ಹೇಸಿಗೆಯಾಗಿತ್ತು.

"ಹುಲ್ಲು ಇಡದಿದ್ರೆ ಉಳೀತಿದ್ದ," ಎಂದರು ಆಳ್ವರು, ಯಾವಾಗಲೂ ಕಡೆಗೆ ಹೇಳುವ ಹಾಗೆ. ಬೊನಿಫಾಸ್ ಯಾವಾಗಿನ ಹಾಗೆ ತಲೆಯಾಡಿಸಿ ಎದ್ದ.

ಲೇತಿನ ಹತ್ತಿರ ಬಂದವನು ಶಾಫ್ಟನ್ನು ನೋಡಿದ, ಅದು ಏನೆಂದು ಗುರುತು ಹತ್ತಲಿಲ್ಲ. ಉಳಿದ ಎಂಟು ಬೆಂಕಿಯಲ್ಲಿ ಹೋದವು ಎಂದುಕೊಂಡಿದ್ದ. ಚಿತ್ತರಂಜನನ ಸಾಮಾನಿನ ಪೆಟ್ಟಿಗೆ ಮದ್ರಾಸಿನಿಂದ ಬಂದ ದಿನ ಯಾರಿಗೂ ಕಾಣದ ಹಾಗೆ ಅದರ ತಳದವರೆಗೆ ಕೈ ಹಾಕಿ ಹುಡುಕಿದ್ದ, ಸಿಗಲಿಲ್ಲ. ಸಿಗದಿದ್ದುದೇ ಈ ಒಂದು ವರ್ಷದಲ್ಲಿ ಅವನಿಗಿದ್ದ ಒಂದೇ ಸಮಾಧಾನ: ಆದದ್ದು ಆಯಿತು, ಇನ್ನು ಯಾರಿಗೂ ಆಗುವುದಿಲ್ಲ. ಒಟ್ಟು ಹದಿನಾರು ಮಾಡಿದ್ದ. ನಾಲ್ಕು ಸಿಲಿಂಡರಿನ ಕನೆಕ್ಟಿಂಗ್ ರಾಡುಗಳಿಗೆ ಎರಡೆರಡರಂತೆ ಎಂಟು, ಬೇಕಾದರೆ ಇರಲಿ ಎಂದು ಇನ್ನೆಂಟು. ವಾಮಂಜೂರಿನ ಇಳಿಜಾರಿನಲ್ಲಿ ತುಂಡಾದ ಬಸ್ಸಿನ ಆಕ್ಸಲ್ ಶಾಫ್ಟಿನಿಂದ ಕಡೆದದ್ದು. ವಿಲಾಯತಿಯ ದೊಡ್ಡ ದೊಡ್ಡ ತಂಡಗಳಿಗೇ ಎಂಜಿನ್ ಸಿಗುವುದಿಲ್ಲವಂತೆ ಬೊನಿಫಾಸ್, ಎಂದು ಚಿತ್ತರಂಜನ ಈ ಲೇತಿನ ಮೇಲೆಯೇ ಕಾಲು ಇಳಿಬಿಟ್ಟು ಕೂತು ಪತ್ರಿಕೆ ತೋರಿಸಿದ್ದ. ಮುಂದಿನ ವರ್ಷದಿಂದ ಎಂಜಿನಿನ ಅಳತೆಯನ್ನೇ ದುಪ್ಪಟ್ಟು ಮಾಡುತ್ತಾರಂತೆ, ಎಲ್ಲರಿಗೂ ಎಂಜಿನ್ ಕೊಡುತ್ತಿದ್ದ ಒಂದು ಕಂಪನಿ ಇನ್ನು ನಮ್ಮಿಂದಾಗುವುದಿಲ್ಲ ಎಂದು ಕೈ ಎತ್ತಿದೆಯಂತೆ, ಜಗತ್ತಿಗೆ ಗೊತ್ತಿರುವ ಡ್ರೈವರುಗಳು ಎಂಜಿನಿಗಾಗಿ ಬಾಗಿಲು ಬಾಗಿಲು ತಿರುಗುತ್ತಿದ್ದಾರಂತೆ. ಅವರಿಗೆಲ್ಲ ಬೊನಿಫಾಸ್ ಇಲ್ಲ, ನನಗೆ ಇದ್ದಾನೆ. ಆ ಮಾತು ಕೇಳಿ ಬೊನಿಫಾಸನಿಗೆ ಎದೆ ಉಬ್ಬಿತ್ತು. ಸುಳ್ಳೇಕೆ, ಉಬ್ಬಿತ್ತು.

ಕಡೆದದ್ದರಲ್ಲಿ ತಪ್ಪಿರಲಿಲ್ಲ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ದರಲ್ಲೂ ತಪ್ಪಿರಲಿಲ್ಲ. ಅದ್ದಿದ ಉಕ್ಕು ಗಡಸಾಗುತ್ತದೆ, ಗಾಜಿನ ಹಾಗೆ ಮುರಿಯುವ ಗಡಸು. ಅದನ್ನು ಮರಳಿನ ತಟ್ಟೆಯಲ್ಲಿಟ್ಟು ಸಣ್ಣ ಉರಿಯ ಕುಲುಮೆಯಲ್ಲಿ ಮೂರು ಗಂಟೆ ಬಿಟ್ಟರೆ ಹದಕ್ಕೆ ಬರುತ್ತದೆ. ಆ ದಿನ ಸೆಪ್ಟೆಂಬರ್ ಎಂಟು, ಮೊಂತಿ ಫೆಸ್ತ್, ಕ್ರಿಸ್ತುವರ ಹೊಸ ತೆನೆಯ ಹಬ್ಬ. ಬೆಳಗಿನ ಪೂಜೆಗೆ ಹೋಗಿ ಪಾದ್ರಿಯವರು ಆಶೀರ್ವದಿಸಿ ಕೊಟ್ಟ ಹೊಸ ತೆನೆಯನ್ನು ಹೆಂಡತಿ ಬೆನಿಟಾಳ ಕೈಗೆ ಕೊಟ್ಟು, ಇಗೊ ಬಂದೆ ಎಂದು ಸೈಕಲ್ ಹತ್ತಿ ವರ್ಕ್‌ಶಾಪಿಗೆ ಬಂದಿದ್ದ. ಪಾಕಿಸ್ತಾನದ ಯುದ್ಧ ಶುರುವಾಗಿತ್ತು, ಪೆಟ್ರೋಲಿಗೆ ರೇಷನ್ ಬರುತ್ತದೆಂದು ಸುದ್ದಿಯಿತ್ತು. ಅದಕ್ಕೆ ಚಿತ್ತರಂಜನ ಅದೇ ಸಂಜೆ ಎಂಜಿನ್ ಸಮೇತ ಮದ್ರಾಸಿಗೆ ಹೊರಡುವವನಿದ್ದ. ಒಂಬತ್ತೂವರೆಗೆ ತಟ್ಟೆ ಒಳಗಿಟ್ಟ. ಹತ್ತೂವರೆಗೆ ತಮ್ಮ ಜೊಕಿಮ್ ಬಂದು ನಿಂತ. ಅಮ್ಮ ಹಸಿದು ಕೂತಿದ್ದಾಳೆ, ನೀನು ಹೊಸ ಅಕ್ಕಿ ಹಂಚದೆ ಯಾರಾದರೂ ಬಾಯಿಗೆ ಹಾಕುವುದುಂಟಾ? ಇಲ್ಲ. ಅಪ್ಪ ಸತ್ತ ಮೇಲೆ ಮನೆಗೆ ಹಿರಿಯ ಅವನು. ತೆಂಗಿನ ಹಾಲಿನಲ್ಲಿ ಕಲಸಿದ ಹೊಸ ಅಕ್ಕಿಯನ್ನು ಅವನು ಹಂಚಿದ ಮೇಲೆಯೇ ಮೊದಲ ತುತ್ತು. ಅವನ ಅಮ್ಮ, ಎಪ್ಪತ್ತೊಂಬತ್ತರ ತೆರೆಸಾಮಾಯಿ, ಒಂಬತ್ತು ದಿನ ಮೀನು ಬಿಟ್ಟು, ಆ ದಿನ ನೀರೂ ಕುಡಿಯದೆ ಕೂತಿದ್ದಳು. ಇನ್ನೆರಡು ಗಂಟೆ ತಡಿ ಎನ್ನಬಹುದಿತ್ತು. ಅಥವಾ ತಟ್ಟೆಯನ್ನು ಒಳಗೇ ಬಿಟ್ಟು ಹೋಗಬಹುದಿತ್ತು, ಆದರೆ ಹಬ್ಬದ ದಿನ ವರ್ಕ್‌ಶಾಪಿನಲ್ಲಿ ಯಾರೂ ಇರಲಿಲ್ಲ, ಉರಿ ಏರಿದರೆ ಹದಿನಾರೂ ಮೆತ್ತಗಾಗಿ ಹೋಗುತ್ತಿದ್ದವು. ಇಕ್ಕಳದಿಂದ ತಟ್ಟೆ ಎಳೆದು ಹೊರಗಿಟ್ಟ. ಉಂಡು ಬಂದು ಪುನಃ ಇಡುತ್ತೇನೆ ಎಂದುಕೊಂಡ.

ಉಂಡ. ಬಾಳೆಲೆಯಲ್ಲಿ ಒಂಬತ್ತು ಬಗೆಯ ಪಲ್ಯ, ಮೇಲೆ ಪಾಯಸ. ಬಿಸಿಲಿತ್ತು. ಜಗಲಿಯಲ್ಲಿ ಒರಗಿದವನಿಗೆ ಕಣ್ಣು ಹತ್ತಿತು. ಎಷ್ಟೋ ಸಲ ಈ ಜಾಗಕ್ಕೆ ಬಂದು ಅವನ ಯೋಚನೆ ನಿಂತುಬಿಡುತ್ತದೆ. ಪಾಪ ಮಾಡುವವನು ಏನಾದರೂ ಮಾಡಬೇಕಲ್ಲ. ಅವನು ನಿದ್ದೆ ಮಾಡಿದ್ದ. ನಾಲ್ಕು ಗಂಟೆಗೆ ಎಚ್ಚರಾಗಿ ಓಡಿದರೆ ವರ್ಕ್‌ಶಾಪಿನ ಅಂಗಳದಲ್ಲಿ ಚಿತ್ತರಂಜನನ ಜೀಪು. ಬೋಲ್ಟುಗಳನ್ನು ಅಂಗೈಯಲ್ಲಿ ಹಾಕಿ ಕುಲುಕುತ್ತ, ಎಂತ ಚಂದ ಮಾಡಿದ್ದೀ ಮಾರಾಯ, ಎಂದ. ಆಯ್ತಾ ಎಂದು ಕೇಳಿದ. ಆಯ್ತು, ಎಂದ ಬೊನಿಫಾಸ್. ಆ ಒಂದು ಮಾತು ಹೇಳುವಾಗ ಅವನಿಗೆ ಗೊತ್ತಿತ್ತು, ಆದರೆ ಅಷ್ಟೇನೂ ಆಗಲಿಕ್ಕಿಲ್ಲ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ದಾರಿಯಲ್ಲಿ ನಮ್ಮ ಮನೆಗೆ ಬಂದು ಹೋಗು ಎಂದು ತೆರೆಸಾಮಾಯಿ ಚಿತ್ತರಂಜನನಿಗೆ ಹೇಳಿ ಕಳಿಸಿದ್ದಳು. ಚಿತ್ತರಂಜನ ಅಡುಗೆಮನೆಯ ಮಣೆಯ ಮೇಲೆ ಮನೆಯವನ ಹಾಗೆ ಕೂತು ಹೊಸ ಅಕ್ಕಿ ಎರಡು ಸಲ ಹಾಕಿಸಿಕೊಂಡು ತಿಂದ. ಎಣ್ಣೆಬಟ್ಟೆಯಲ್ಲಿ ಸುತ್ತಿದ ಬೋಲ್ಟುಗಳು ಅವನ ಪಕ್ಕದಲ್ಲೇ ನೆಲದ ಮೇಲಿದ್ದವು.

ರೇಸು ಮುಗಿದ ಮೇಲೆ, ಫೆಬ್ರವರಿಯಲ್ಲಿ, ಆ ಎಂಜಿನ್ ಮರದ ಪೆಟ್ಟಿಗೆಯಲ್ಲಿ ಬಸ್ಸಿನ ಟಾಪಿನ ಮೇಲೆ ವಾಪಸು ಬಂತು. ಕನೆಕ್ಟಿಂಗ್ ರಾಡು ಎಂಜಿನಿನ ಗೋಡೆ ಒಡೆದು ಹೊರಗೆ ಬಂದಿತ್ತು, ಒಳಗಿನ ಎಣ್ಣೆಯೆಲ್ಲ ಹಿಂದಿನ ಚಕ್ರದ ಕೆಳಗೆ ಚೆಲ್ಲಿ ಕಾರು ಜಾರಿತ್ತು. ಜಾರಿ ಹುಲ್ಲಿಗೆ ಹೊಕ್ಕಿತು, ಕಂಬಕ್ಕೆ ಬಡಿಯಿತು, ಹುಲ್ಲಿಗೆ ಬೆಂಕಿ ಹತ್ತಿತು. ಜನ ಕಂಡದ್ದು ಹುಲ್ಲು ಮತ್ತು ಬೆಂಕಿ. ಬೊನಿಫಾಸ್ ಕಂಡದ್ದು ತುಂಡಾದ ಬೋಲ್ಟಿನ ಮುಖ. ಹದವಾದ ಬೋಲ್ಟು ಮುರಿಯುವ ಮೊದಲು ಎಳೆದುಕೊಂಡು ಸಪೂರವಾಗುತ್ತದೆ, ಇದು ಸಪೂರವಾಗಿರಲಿಲ್ಲ. ಕಲ್ಲುಸಕ್ಕರೆ ಒಡೆದ ಹಾಗೆ ಬೆಳ್ಳಗೆ ಹರಳು ಹರಳಾಗಿತ್ತು. ಅದನ್ನು ಗ್ರೀಸಿನ ಡಬ್ಬಿಯೊಳಗೆ ಅದುಮಿಟ್ಟ. ಈಸ್ಟರಿನ ಪಾಸ್ಕ ಹಬ್ಬದ ಮೊದಲು ಪಾಪನಿವೇದನೆಯಲ್ಲಿ ಪಾದ್ರಿಯವರಿಗೆ ಹೇಳಿದ. ಅವರಿಗೆ ಬೋಲ್ಟೆಂದರೆ ಬಾಗಿಲಿನ ಚಿಲಕ. ನೀನು ಬೇಕೆಂದು ಮಾಡಿದ್ದಲ್ಲವಲ್ಲ, ದೇವರ ಚಿತ್ತ, ಒಂದು ಜಪಮಾಲೆ ಹೇಳು ಎಂದರು. ಅಷ್ಟು ಸುಲಭಕ್ಕೆ ಬಿಟ್ಟದ್ದು ಅವನಿಗೆ ಅವಮಾನವೆನಿಸಿತು.

ಶಾಫ್ಟು ಹೇಗೋ ಮುಗಿಸಿಕೊಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಬೊನಿಫಾಸ್ ಮೋಹನದಾಸನಿಗೆ ತಂತಿ ಕೊಡಲು ತಂತಿ ಆಫೀಸಿನ ಸಾಲಿನಲ್ಲಿ ನಿಂತಿದ್ದ. ಟೆಲಿಫೋನು ಬೇಗ ಮುಟ್ಟುತ್ತಿತ್ತು, ಅದು ಅವನಿಗೆ ಗೊತ್ತಿಲ್ಲದೆ ಅಲ್ಲ. ಆದರೆ ಅವನಿಗೆ ಸಿಗುವ ಟೆಲಿಫೋನು ಇದ್ದದ್ದು ನಕ್ಷೆಯ ನಾಲ್ಕನೇ ಮೂಲೆಯಲ್ಲಿ. ಫಾರಮಿನ ಮೇಲೆ ಸೀಸದ ಕಡ್ಡಿಯಲ್ಲಿ ಇಂಗ್ಲಿಷಿನಲ್ಲಿ ಬರೆದ: ಬೋಲ್ಟು ತೆಗೆಯಿರಿ, ಹದವಾಗಿಲ್ಲ, ಚಿತ್ತರಂಜನ ಸತ್ತದ್ದು ಅದರಿಂದಲೇ. ಬರೆದು ನೋಡಿದರೆ ಕೌಂಟರಿನ ಹಿಂದೆ ವಿಲ್ಲಿ. ಇಗರ್ಜಿಯ ಗಾಯನಮಂಡಳಿಯಲ್ಲಿ ಅವನ ಪಕ್ಕದಲ್ಲೇ ನಿಂತು ಹಾಡುವವನು, ಬೆನಿಟಾಳ ಕಡೆಯಿಂದ ನೆಂಟ.

"ಎಂತ ಬೊನಿಫಾಸ್ ಬಾಪ್ಪು, ಯಾರಿಗೆ ಎಂತ ಆಯ್ತು?" ಎಂದ ವಿಲ್ಲಿ. ತಂತಿ ಕೊಡುವುದೆಂದರೆ ಯಾರೋ ಹೋಗಿರಬೇಕು.

"ಯಾರಿಗೂ ಎಂತ ಆಗಲಿಲ್ಲ. ಕಂಪನಿಯ ಕೆಲಸ."

ಬೊನಿಫಾಸ್ ಫಾರಮನ್ನು ಮುದ್ದೆಮಾಡಿ ಕಿಸೆಗೆ ಹಾಕಿ ಇನ್ನೊಂದು ಕೇಳಿ ತೆಗೆದುಕೊಂಡ. ಹಿಂದೆ ನಿಂತ ಬ್ಯಾರಿಯೊಬ್ಬ ಬೇಗ ಮಾಡಿ ಎಂದು ಗೊಣಗಿದ. ಎರಡನೆಯದರಲ್ಲಿ ಬರೆದ: ಆ ಬೋಲ್ಟು ತೆಗೆಯಿರಿ, ಇನ್ನೂ ಒಳ್ಳೆಯದು ಮಾಡಿ ಕಳುಹಿಸುತ್ತೇನೆ, ಬೊನಿಫಾಸ್, ಗುಣವತಿ ಮೋಟಾರ್ಸ್. ಹೇಳಬೇಕಾದದ್ದನ್ನು ಹೇಳಿದೆನಲ್ಲ ಎಂದು ಮೆಟ್ಟಿಲು ಇಳಿಯುವಾಗ ಅಂದುಕೊಂಡ. ತೆಗೆಯಲು ಹೇಳಿದೆ, ಕಾರಣ ಯಾಕೆ ಬೇಕು? ಹಂಪನಕಟ್ಟೆಯವರೆಗೆ ಹಾಗೆಯೇ ಅಂದುಕೊಳ್ಳುತ್ತ ನಡೆದ. ಒಂದು ಹೋಟೆಲಿನ ಮುಂದೆ ಬನ್ಸಿನ ವಾಸನೆಗೆ ಹಸಿವಾಯಿತು, ಹಸಿವಾದದ್ದಕ್ಕೆ ನಾಚಿಕೆಯಾಯಿತು. ನಾಳೆ ಬೆಳಿಗ್ಗೆ ಮೋಹನದಾಸನಿಗೂ ಹಸಿವಾಗುತ್ತದೆ. ಮದುವೆಯಾಗಿ ಎರಡು ವರ್ಷವಾದವನು. ಚಿತ್ತರಂಜನನ ಹೆಣದ ಜೊತೆ ಬಂದಿದ್ದಾಗ ಬೊನಿಫಾಸನ ಕೈ ಹಿಡಿದು ಅತ್ತಿದ್ದ, ನಿಮ್ಮ ಹೆಸರು ದಿನಾ ಹೇಳ್ತಿದ್ದ ಎಂದು. ಆ ಕೈ ಬಿಡಿಸಿಕೊಳ್ಳಲು ಬೊನಿಫಾಸ್ ಕೆಮ್ಮು ಬಂದವನಂತೆ ನಟಿಸಬೇಕಾಯಿತು.

ನಾಲ್ಕು ಗಂಟೆಗೆ ಆಳ್ವರು ಪುನಃ ಕರೆಸಿದರು. ಫಿಟ್ಟರುಗಳು ಶನಿವಾರದ ಕೆಲಸ ಮುಗಿಸುವುದರಲ್ಲಿದ್ದರು. ಮೇಜಿನ ಮೇಲೆ ಒಡೆದ ತಂತಿಯಿತ್ತು.

"ಮೋಹನದಾಸನಿಗೆ ನೀವು ತಂತಿ ಕೊಟ್ರಾ? ಕಂಪನಿಯ ಹೆಸರಿಗೆ ಜವಾಬು ಬಂತು, ನಾನು ಒಡೆದೆ," ಎಂದರು ಆಳ್ವರು. ಓದಿದರು: "ಬೋಲ್ಟು ಉತ್ತಮವಾಗಿದೆ. ನಿನ್ನೆ ಓಡಿಸಿ ನೋಡಿದೆ, ಏನೂ ತೊಂದರೆ ಇಲ್ಲ. ನಾಳೆ ಇದರಲ್ಲೇ ಓಡುತ್ತೇನೆ. ಹೊಸದು ಇನ್ನೆರಡು ಸೆಟ್ಟು ಮಾಡಿ ಕಳುಹಿಸಿ, ಇಲ್ಲಿ ಎಲ್ಲರಿಗೂ ಬೇಕು." ಅವರು ಕಾಗದ ಕೆಳಗಿಟ್ಟರು. "ಎಷ್ಟು ಮಾಡಿದ್ರೂ ನಿಮಗೆ ನಿಮ್ಮ ಕೆಲಸ ಸಾಲುವುದಿಲ್ಲ, ಅಲ್ವಾ?"

ಬೊನಿಫಾಸನಿಗೆ ಕಿವಿಯಲ್ಲಿ ಲೇತು ತಿರುಗಿದ ಹಾಗಾಯಿತು. ಶನಿವಾರ ಸಂಜೆ ಇನ್ನೊಂದು ತಂತಿ ಕೊಟ್ಟರೆ ರಾತ್ರಿ ಹಂಚುವವರಿಲ್ಲ, ಹೋಟೆಲಿಗೆ ಮುಟ್ಟುವಾಗ ಬೆಳಗಾಗುತ್ತದೆ. ಅಷ್ಟರಲ್ಲಿ ಅವನು ರನ್‌ವೇಯಲ್ಲಿರುತ್ತಾನೆ.

"ಧನಿ, ಒಂದು ಟ್ರಂಕ್ ಕಾಲ್ ಹಾಕಬೇಕಿತ್ತು. ಅವರಿಗೆ."

"ಎಂತ ವಿಷಯ?"

"ಬೋಲ್ಟಿನ ವಿಷಯವೇ."

ಆಳ್ವರು ಕಾಗದದ ತಲೆಯಲ್ಲಿ ಅಚ್ಚಾಗಿದ್ದ ಹೋಟೆಲಿನ ನಂಬರನ್ನು ಎಕ್ಸ್‌ಚೇಂಜಿಗೆ ಹೇಳಿ, ಕಾಯಬೇಕಂತೆ, ಕೂತುಕೊಳ್ಳಿ ಎಂದರು. ಅವರಿಗೆ ಹೊರಡುವ ಅವಸರವಿರಲಿಲ್ಲ; ಮನೆಯಲ್ಲಿ ಅವರ ಹೆಂಡತಿ ಗುಣವತಿಯಮ್ಮ ವರ್ಷದಿಂದ ಕೋಣೆ ಬಿಟ್ಟು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ಚಾ ತರಿಸಿದರು. ದಿಣ್ಣೆಯ ಮೇಲೆ ಗರಿಕೆ ನೆಟ್ಟಿದ್ದಾರಂತೆ, ಮಳೆಗೆ ಮಣ್ಣು ಹೋಗದ ಹಾಗೆ, ಎಂದರು. ಮೋಹನದಾಸ ಜಾರಿದರೂ ಚಿತ್ತು ಅವನನ್ನು ಹಿಡಿದುಕೊಳ್ತಾನೆ ಎಂದರು. ಈಗಲೇ ಹೇಳಬೇಕು, ಫೋನು ಬರುವ ಮೊದಲು, ಮೆಲ್ಲಗೆ, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುವ ಹಾಗೆ. ಬೊನಿಫಾಸ್ ಬಾಯಿ ತೆರೆದು ಚಾ ಕುಡಿದ. ಈ ಮುದುಕನಿಗೆ ಉಳಿದಿರುವುದು ಒಂದು ದಿಣ್ಣೆ, ಅದನ್ನೂ ಅಗೆದು ಹಾಕಲು ತಾನು ಬಂದು ಕೂತಿದ್ದೇನೆ. ಫೋನು ಬಾರದಿದ್ದರೆ ಸಾಕು ಎಂದು ಒಂದು ಕ್ಷಣ ಪ್ರಾರ್ಥಿಸಿದ. ಪ್ರಾರ್ಥಿಸಿದೆ ಎಂದು ತಿಳಿದಾಗ ತನ್ನಂಥ ನೀಚ ಈ ಮಂಗಳೂರಿನಲ್ಲಿ ಇನ್ನೊಬ್ಬನಿಲ್ಲ ಎನಿಸಿತು.

ಐದೂ ಕಾಲಿಗೆ, ಫಿಟ್ಟರುಗಳು ಅಂಗಳದ ನಳ್ಳಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ, ಫೋನು ಬಂತು. ಆಳ್ವರು ಎತ್ತಿ, ಮೋಹನದಾಸಾ, ಇಗೊ ಪೊರ್ಬು ಮಾತಾಡ್ತಾರೆ ಎಂದು ಕೊಟ್ಟರು. ಒಳಗೆ ಸಮುದ್ರದ ಹಾಗೆ ಸದ್ದು.

"ಯಾರು, ಬೊನಿಫಾಸರಾ? ತಂತಿ ಸಿಕ್ಕಿತು ಮಾರಾಯ್ರೆ."

"ಆ ಬೋಲ್ಟು ತೆಗೆಯಿರಿ," ಎಂದ ಬೊನಿಫಾಸ್, ಗೋಡೆಯ ಕಡೆ ತಿರುಗಿ.

"ಎಂತ? ಕೇಳುವುದಿಲ್ಲ. ಗಟ್ಟಿ ಹೇಳಿ."

"ಬೋಲ್ಟು ತೆಗೆಯಿರಿ. ಹದ ಆಗಿಲ್ಲ."

"ಬೋಲ್ಟು ಫಸ್ಟ್ ಕ್ಲಾಸ್ ಉಂಟು. ಇನ್ನೂ ಗಟ್ಟಿ ಹೇಳಿ, ಎಂತದೂ ಕೇಳುವುದಿಲ್ಲ."

ಗೋಡೆಯ ಮೇಲೆ ಚಿತ್ತರಂಜನನಿದ್ದ. ಬೊನಿಫಾಸ್ ಎದ್ದು ನಿಂತ. ಬಸ್ಸಿನ ಎಂಜಿನಿನ ಸದ್ದನ್ನು ಮೀರಿ ಫಿಟ್ಟರುಗಳನ್ನು ಕೂಗುವ ದನಿಯಲ್ಲಿ ಕೂಗಿದ: "ಮೂರು ಗಂಟೆ ಇಡಬೇಕಿತ್ತು, ನಾನು ಒಂದೇ ಗಂಟೆಯಲ್ಲಿ ತೆಗೆದೆ. ಹಬ್ಬದ ಊಟಕ್ಕೆ ಹೋದೆ. ಊಟ ಮಾಡಿ ಮಲಗಿದೆ. ಚಿತ್ತರಂಜನರು ಸತ್ತದ್ದು ಹುಲ್ಲಿನಿಂದ ಅಲ್ಲ. ಆ ಬೋಲ್ಟು ಮುರಿದು ಸತ್ತದ್ದು. ನನ್ನಿಂದ ಸತ್ತದ್ದು. ಕೇಳ್ತದಾ?"

ಅಂಗಳದಲ್ಲಿ ನಳ್ಳಿಯ ನೀರು ನಿಂತಿತು. ಫೋನಿನಲ್ಲಿ, ಹಲೋ, ಹಲೋ ಎಂದು ಮೋಹನದಾಸ ಯಾವುದೋ ದೂರದಿಂದ ಕರೆಯುತ್ತಿದ್ದ. ನಡುವೆ ಎಕ್ಸ್‌ಚೇಂಜಿನ ಹೆಂಗಸು ಮೂರು ನಿಮಿಷ ಆಯ್ತು ಎಂದಳು, ಆಮೇಲೆ ಸಮುದ್ರವೂ ಇಲ್ಲವಾಯಿತು. ಬೊನಿಫಾಸ್ ರಿಸೀವರನ್ನು ಕೆಳಗಿಟ್ಟ.

ಆಳ್ವರು ತಲೆ ತಗ್ಗಿಸಿ ನಕ್ಷೆ ನೋಡುತ್ತಿದ್ದರು. ಚಿತ್ತು ಹೋದ ತಿರುವಿನ ಮೇಲೆ ಅವರ ಬೆರಳಿತ್ತು. ಬೈಯಲಿ, ಹೊಡೆಯಲಿ, ಮಸಿಕುಪ್ಪಿ ಎತ್ತಿ ಎಸೆಯಲಿ ಎಂದು ಬೊನಿಫಾಸ್ ಕಾದ. ಅವರು ಮಸಿಕುಪ್ಪಿ ಎತ್ತಿ ಪಕ್ಕಕ್ಕಿಟ್ಟರು, ಪಂಚಾಂಗ ಇಟ್ಟರು, ವೀಳ್ಯದ ಡಬ್ಬಿ ಇಟ್ಟರು. ನಕ್ಷೆ ತಾನಾಗಿ ಸುರುಳಿ ಸುತ್ತಿಕೊಂಡಿತು.

"ಅವನಿಗೆ ಕೇಳಿತಾ?" ಎಂದರು.

"ಗೊತ್ತಿಲ್ಲ ಧನಿ. ಕೇಳಲಿಲ್ಲ ಅಂತ ಕಾಣ್ತದೆ."

ಆಳ್ವರು ಟೆಲಿಫೋನನ್ನು ಹತ್ತಿರ ಎಳೆದುಕೊಂಡರು. "ಮದ್ರಾಸು. ಈಗ ಹಾಕಿದ ನಂಬರೇ. ಲೈಟ್ನಿಂಗ್ ಕಾಲ್ ಹಾಕಿ, ಎಷ್ಟು ದುಡ್ಡಾದರೂ ಆಗಲಿ," ಎಂದರು, ಅಂಗಡಿಗೆ ಸಾಮಾನು ಹೇಳುವಷ್ಟೇ ಸ್ವರದಲ್ಲಿ. ಬೊನಿಫಾಸ್ ಕುರ್ಚಿಯ ಕೈ ಹಿಡಿದು ಕೂರಲು ಹೋದ.

"ಕೂರಬೇಡ," ಎಂದರು ಆಳ್ವರು.

ಅವನು ನಿಂತ. ಈ ಸಲ ಹತ್ತೇ ನಿಮಿಷದಲ್ಲಿ ಬಂತು. ಆಳ್ವರು ಎತ್ತಿ, ಆಚೆಯವನು ಯಾರೆಂದು ಖಚಿತ ಮಾಡಿಕೊಂಡು, ರಿಸೀವರನ್ನು ಮೇಜಿನಾಚೆಗೆ ಚಾಚಿದರು. ಅವರ ಎಡಗಣ್ಣು ಸಣ್ಣದಾಗಿತ್ತು, ನೀರು ಇಳಿಯುತ್ತಿತ್ತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ.

"ಹೇಳು," ಎಂದರು. "ನನಗೆ ಕೇಳಿದ ಹಾಗೆಯೇ ಹೇಳು."

ಬೊನಿಫಾಸ್ ಅದನ್ನು ಕಿವಿಗೆ ಇಟ್ಟುಕೊಂಡು, ಅವರ ಮುಖ ನೋಡುತ್ತಲೇ, ಮೊದಲಿನಿಂದ ಕೂಗತೊಡಗಿದ.